ಪಕ್ಕದ ತಂತಿ ಬೆಚ್ಚಿದ ಸುಗ್ಗಿ

ಮೊನ್ನೆ ಹೊಸ ಅಕ್ಕಿ ಚೀಲದ ಬಾಯಿ ಬಿಚ್ಚಿದಾಗ ಮೂಗಿಗೆ ತೌಡಿನ ಘಾಟು ಬಡಿಯಿತು. ಅಭ್ಯಾಸಬಲ ನೋಡಿ, ಮೊರಕ್ಕೆ ಒಂದಿಷ್ಟು ಸುರಿದುಕೊಂಡು ಬೆರಳಾಡಿಸಿದೆ. ಒಂದು ಕರಿಕಾಳಿಲ್ಲ, ಕಲ್ಲಿಲ್ಲ, ಹಳದಿ ತಿರುಗಿದ ಕಾಳೂ ಇಲ್ಲ. ಬೇರೆಯವರಾಗಿದ್ದರೆ ಅಂಗಡಿಯವನನ್ನು ಹೊಗಳಿ ಸುಮ್ಮನಾಗುತ್ತಿದ್ದರು. ನಾನು ಮಾತ್ರ ಮೈಸೂರಿನ ನನ್ನ ಅಡುಗೆಮನೆಯ ನೆಲದ ಮೇಲೆ ಕೂತು, ಈ ಅಕ್ಕಿ ಯಾವ ಮಿಲ್ಲಿನದು, ಅಲ್ಲಿ ಯಾವ ಮಿಷಿನ್ನು, ಅದರ ಹಿಂದಿನ ಬಾಗಿಲು ತೆರೆದರೆ ಒಳಗೆ ಯಾರ ಕೈಯ ಕೆಲಸ ಇರಬಹುದು ಎಂದು ಯೋಚಿಸತೊಡಗಿದೆ. ಕುಕ್ಕರ್ ಇಡುವಷ್ಟರಲ್ಲಿ ಹಸಿವೇ ಸತ್ತುಹೋಗಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಸುಗ್ಗಿ ಪೂರ್ತಿ ನಾನು ದಾವಣಗೆರೆಯಲ್ಲಿದ್ದೆ. ದೀಪಾವಳಿ ಕಳೆದ ಮೇಲೆ ಹೋದವಳು ಯುಗಾದಿಗೆ ಮುಂಚೆ ಹಿಂದಿರುಗಿದೆ. ನನ್ನ ಕೆಲಸ ಸರ್ಕ್ಯೂಟ್ ಬೋರ್ಡುಗಳ ವಿನ್ಯಾಸ. ಮೈಸೂರಿನ ನಮ್ಮ ಸಣ್ಣ ಕಂಪನಿಯ ಬೋರ್ಡುಗಳನ್ನು ಹರಿಹರದ ಒಂದು ಕಾರ್ಖಾನೆ ತನ್ನ ಅಕ್ಕಿ ಆರಿಸುವ ಮಿಷಿನ್ನುಗಳಿಗೆ ಹಾಕಿಕೊಳ್ಳುತ್ತಿತ್ತು. ಮಿಲ್ಲಿನಲ್ಲಿ ಹೊಟ್ಟು ಹೋಗಿ ಪಾಲಿಶ್ ಆದ ಅಕ್ಕಿ ಕೊನೆಗೆ ಬರುವುದು ಈ ಮಿಷಿನ್ನಿಗೆ. ಮೇಲಿನಿಂದ ಅಕ್ಕಿ ಪಕ್ಕಪಕ್ಕದ ಸಾಲುಗಳಲ್ಲಿ ಜಾರಿ ಬೀಳುತ್ತದೆ. ಬೀಳುವ ಒಂದೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ. ಕಪ್ಪುಕಾಳು ಕಂಡರೆ ಅದರ ಸಂಕೇತ ತಂತಿಯಲ್ಲಿ ಬೋರ್ಡಿಗೆ ಓಡುತ್ತದೆ. ಕೆಳಗೆ ಕಾದಿರುವ ಸಣ್ಣ ನಳಿಕೆ ಫಟ್ ಎಂದು ಗಾಳಿ ಊದಿ ಅದೊಂದೇ ಕಾಳನ್ನು ಕಸದ ತೊಟ್ಟಿಗೆ ಹಾರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ನಡೆದು ಮುಗಿದಿರುತ್ತದೆ.

ಆ ವರ್ಷ ತೊಟ್ಟಿಗೆ ಬೆಳ್ಳನೆಯ ಒಳ್ಳೆ ಅಕ್ಕಿಯೂ ಹಾರತೊಡಗಿತ್ತು. ಮಿಲ್ಲಿನವರು ಕೂಗಾಡಿದರು, ಕಾರ್ಖಾನೆಯವರು ನಮ್ಮ ಮೇಲೆ ಕೂಗಾಡಿದರು. ಸರಿಹೋಗುವ ತನಕ ಒಬ್ಬರು ಅಲ್ಲೇ ಹೋಗಿ ಇರಬೇಕು ಎಂದು ನಮ್ಮ ಮ್ಯಾನೇಜರ್ ಹೇಳಿದಾಗ ಒಬ್ಬರಿಗೆ ಮಗಳ ಪರೀಕ್ಷೆ, ಒಬ್ಬರಿಗೆ ಅತ್ತೆಯ ಆಪರೇಷನ್ನು. ನನಗೆ ನೆಪವೇ ಇರಲಿಲ್ಲ. ಅಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ, ಮನೆಯಲ್ಲಿ ಇನ್ನು ಯಾರೂ ಇರಲಿಲ್ಲ. ಕಾಯುವವರಿಲ್ಲದ ಹೆಂಗಸನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು ಎಂಬುದು ಆಫೀಸುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನು. ಬೀಗ ಹಾಕಿಕೊಂಡು ಹೊರಟೆ.

ನಿಜಲಿಂಗಪ್ಪ ಬಡಾವಣೆಯಲ್ಲಿ ಮಹಡಿ ಮೇಲಿನ ರೂಮೊಂದು ಸಿಕ್ಕಿತು. ಕೆಳಗಿನ ಮನೆಯವರು ಒಳ್ಳೆಯ ಜನ. ಮೊದಲ ವಾರದಲ್ಲೇ ಮದುವೆ ಯಾಕೆ ಆಗಲಿಲ್ಲ, ಅಣ್ಣತಮ್ಮಂದಿರು ಇದ್ದಾರೋ ಇಲ್ಲವೋ, ಅಮ್ಮನಿಗೆ ಏನಾಗಿತ್ತು ಎಂದು ಒಂದೊಂದಾಗಿ ಕೇಳಿದರು. ಕೇಳುವುದು ಮುಗಿದ ಮೇಲೆ ಮಾತೂ ಮುಗಿಯಿತು. ಸಂಜೆ ಕೆಲಸದಿಂದ ಬಂದು ಮಂಡಕ್ಕಿಗೆ ಒಗ್ಗರಣೆ ಹಾಕಿಕೊಂಡು, ಬಾಲ್ಕನಿಯಲ್ಲಿ ಕೂತು ತಿನ್ನುವುದು, ಪಾತ್ರೆ ತೊಳೆಯುವುದು, ಮಲಗುವುದು. ದಿನಾ ಅದೇ. ಚಳಿಗಾಲದಲ್ಲಿ ಆ ಊರಿನ ಸಂಜೆಗೆ ಒಂದು ಒಣ ದೂಳಿನ ಬಣ್ಣವಿದೆ. ಅದು ಇಳಿಯುವ ಹೊತ್ತಿಗೆ ಎಲ್ಲರ ಮನೆಯಲ್ಲೂ ದೀಪ ಹತ್ತಿ, ಟಿವಿ ಸದ್ದಾಗಿ, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿಸುತ್ತಿತ್ತು. ಭಾನುವಾರ ಬಂತೆಂದರೆ ನನಗೆ ಎದೆ ಹಿಂಡುತ್ತಿತ್ತು. ಗಂಟಲು ಇನ್ನೂ ಕೆಲಸ ಮಾಡುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ತರಕಾರಿ ಗಾಡಿಯವನ ಜೊತೆ ಸುಮ್ಮಸುಮ್ಮನೆ ಚೌಕಾಸಿಗೆ ಇಳಿಯುತ್ತಿದ್ದೆ. ಪಾಪ, ಅವನು ನನ್ನನ್ನು ಮಹಾ ಜಿಪುಣಿ ಎಂದುಕೊಂಡಿರಬೇಕು.

ಈ ಒಣಗಿದ ದಿನಗಳ ನಡುವೆ ಸಿಕ್ಕವರು ಶಮೀಮಾ. ಹರಿಹರದ ಕಾರ್ಖಾನೆಯಲ್ಲಿ ತಂತಿ ಕಟ್ಟುವ ವಿಭಾಗ ಅವರದು. ದಾವಣಗೆರೆಯ ಆನೆಕೊಂಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಗಂಡ ಮರದ ಕೆಲಸ ಮಾಡುತ್ತಿದ್ದವರು, ಕೈಗೆ ಏಟಾದ ಮೇಲೆ ಮನೆಯಲ್ಲೇ ಉಳಿದಿದ್ದರು. ಮಗಳು ನರ್ಸಿಂಗ್ ಓದುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಇವರ ಸಂಬಳದ ಮೇಲೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ನಾನು ಬಸ್ಸು ಹತ್ತಿ ಕಂಬ ಹಿಡಿದು ನಿಂತಾಗ ಅವರು ಪಕ್ಕದ ಸೀಟಿನಿಂದ ಬುತ್ತಿಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, “ಕೂಡ್ರಿ ಮೇಡಂ” ಎಂದರು. ಅಷ್ಟೇ. ಮಾರನೆಯ ದಿನದಿಂದ ಆ ಸೀಟು ನನ್ನದಾಯಿತು. ವಿಭಾಗದ ಹುಡುಗಿಯರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದೆ.

ಅವರು ಪ್ರಶ್ನೆ ಕೇಳುವವರಲ್ಲ. ತಮ್ಮ ಮನೆಯ ಸುದ್ದಿ ತಾವೇ ಹೇಳಿಕೊಂಡು ಹೋಗುತ್ತಿದ್ದರು, ನಡುವೆ ಎಲ್ಲೋ ನಾನೂ ನನ್ನದನ್ನು ಹೇಳಿರುತ್ತಿದ್ದೆ. ನಾನು ಮಾತಿಗೊಮ್ಮೆ ‘ಕಣ್ರೀ’ ಎನ್ನುವುದನ್ನು ಹುಡುಗಿಯರ ಮುಂದೆ ಆಡಿತೋರಿಸಿ ನಗಿಸುತ್ತಿದ್ದರು. ದಿನಾ ಒಗ್ಗರಣೆ ಮಂಡಕ್ಕಿ ತಿನ್ನುತ್ತೇನೆಂದು ಗೊತ್ತಾದ ಮೇಲೆ ಅವರ ಬುತ್ತಿಗೆ ಎರಡು ರೊಟ್ಟಿ ಹೆಚ್ಚಾದವು. ಊಟ ಆಯಿತಾ ಎಂದು ನನ್ನನ್ನು ಕೇಳುವವರು ಇಲ್ಲವಾಗಿ ಎಷ್ಟೋ ತಿಂಗಳಾಗಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ಅರ್ಧ ಗಂಟೆಯೊಳಗೆ ಮುಟ್ಟಿಬಿಡುತ್ತದಲ್ಲ ಎಂದು ನನಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಶಮೀಮಾ ಅವರ ಕೈಕೆಲಸ ನೋಡುವಂಥದ್ದು. ಕ್ಯಾಮೆರಾಗಳಿಂದ ಬೋರ್ಡಿನವರೆಗೆ ಒಂದಾಳುದ್ದ ಓಡುವ ತಂತಿಗಳನ್ನೆಲ್ಲ ಒಟ್ಟು ಮಾಡಿ, ಮೇಣದ ದಾರದಿಂದ ಬಿಗಿದು, ಎಣ್ಣೆ ಹಚ್ಚಿ ಹೆಣೆದ ಹೆರಳಿನ ಹಾಗೆ ನೀಟಾಗಿ ಕಟ್ಟುತ್ತಿದ್ದರು. ಒಂದು ತಂತಿ ಮೇಲೆದ್ದಿರುವುದಿಲ್ಲ, ಒಂದು ಗಂಟು ಸೊಟ್ಟ ಇರುವುದಿಲ್ಲ. ಕಾರ್ಖಾನೆಯ ಮಾಲೀಕರು ಮುರುಗೇಂದ್ರಪ್ಪನವರು, ಅಲ್ಲಿಯವರ ಬಾಯಲ್ಲಿ ಸಾವ್ಕಾರ್ರು, ಯಾರೇ ನೋಡಲು ಬಂದರೂ ಮಿಷಿನ್ನಿನ ಹಿಂಬಾಗಿಲು ತೆರೆದು ಮೊದಲು ಈ ಕಟ್ಟನ್ನು ತೋರಿಸುತ್ತಿದ್ದರಂತೆ. ಈಗ ಅದೇ ಕಟ್ಟಿನ ಮೇಲೆ ಎಲ್ಲರ ಕಣ್ಣು ಬಿದ್ದಿತ್ತು. ಎಲ್ಲೋ ಬೆಸುಗೆ ಸಡಿಲವಾಗಿರಬೇಕು, ತಂತಿ ಅಲ್ಲಾಡುತ್ತಿರಬೇಕು ಎಂದು ಮಿಲ್ಲಿನಿಂದ ಹಿಂದಕ್ಕೆ ಬಂದ ಮಿಷಿನ್ನುಗಳನ್ನು ಅವರ ವಿಭಾಗಕ್ಕೇ ತಳ್ಳುತ್ತಿದ್ದರು. ಅವರು ಹಲ್ಲು ಕಚ್ಚಿ ಎಲ್ಲ ಬಿಚ್ಚಿ, ಮತ್ತೆ ಬೆಸೆದು, ಮೊದಲಿಗಿಂತ ಬಿಗಿಯಾಗಿ ಕಟ್ಟಿ ಕಳಿಸುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅದೇ ಮಿಷಿನ್ನಿನಿಂದ ದೂರು ಇನ್ನೂ ಜೋರಾಗಿ ಬರುತ್ತಿತ್ತು.

ನನ್ನ ಪಾಡೂ ಅಷ್ಟೇ. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಸಾಲೂ ಸರಿ. ಸಂಕೇತದ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಅದು ಗೆರೆ ಎಳೆದ ಹಾಗೆ ಸ್ವಚ್ಛ. ಮಿಲ್ಲಿಗೆ ಹೋದರೆ ತಪ್ಪು. ತಲೆ ಕೆಟ್ಟುಹೋಯಿತು. ಇಲ್ಲಿ ಒಂದು ಮಾತು ಹೇಳಬೇಕು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವಾಗ ಒಮ್ಮೆಗೆ ಒಂದೇ ಸಾಲಿಗೆ ಅಕ್ಕಿ ಹಾಕುವುದು ಪದ್ಧತಿ. ಎಲ್ಲ ಸಾಲಿಗೂ ಒಟ್ಟಿಗೆ ಸುರಿದರೆ ಅಕ್ಕಿ ನಾಲ್ಕು ದಿಕ್ಕಿಗೂ ಸಿಡಿದು ಓಡಾಡುವವರ ಕಾಲಡಿ ಬೀಳುತ್ತದೆ. ಅನ್ನದ ಮೇಲೆ ಕಾಲಿಡಬಾರದು ಎಂಬುದು ಸಾವ್ಕಾರ್ರ ತಂದೆಯವರು ಹಾಕಿಕೊಟ್ಟ ಕಟ್ಟಳೆ. ಆದ್ದರಿಂದ ಒಂದು ಬೋಗುಣಿ ಅಕ್ಕಿ, ಒಂದು ಸಾಲು. ಅದು ಬಿದ್ದ ಮೇಲೆ ಅದನ್ನೇ ಬಳಿದುಕೊಂಡು ಮುಂದಿನ ಸಾಲು. ಇದರಲ್ಲಿ ತಪ್ಪೇನಿದೆ ಎಂದು ನನಗೂ ಅನ್ನಿಸಲಿಲ್ಲ. ನಾನೂ ಊಟದ ತಟ್ಟೆಗೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಂಡು ಬೆಳೆದವಳೇ.

ಸಂಕ್ರಾಂತಿ ಕಳೆಯಿತು. ಒಂದು ದಿನ ಸಾವ್ಕಾರ್ರು ನನ್ನನ್ನು ಒಳಗೆ ಕರೆದು ಕೂರಿಸಿ, ಕಾಫಿ ತರಿಸಿದರು. ಹಣೆ ತುಂಬ ವಿಭೂತಿ, ಮೆಲುಮಾತಿನ ಮನುಷ್ಯ. ಬೈದಿದ್ದರೆ ಎಷ್ಟೋ ವಾಸಿ ಇತ್ತು. “ನೋಡಮ್ಮ, ಶಿವರಾತ್ರಿ ತನಕ ನೋಡ್ತೀನಿ. ಆಮ್ಯಾಲೆ ತಂತಿ ಕಟ್ಟೋ ವಿಭಾಗ ಮುಚ್ತೀನಿ. ಹುಬ್ಬಳ್ಳಿ ಕಡೆಯಿಂದ ರೆಡಿ ಮಾಲು ತರಿಸ್ತೀನಿ. ಶಮೀಮಾ ನಮ್ಮನೆ ಮಗಳಿದ್ದಂಗೆ. ಆದ್ರೆ ಏನ್ಮಾಡ್ಲಿ, ಮಿಲ್ಲಿನೋರು ನನ್ನ ಮುಖ ನೋಡಂಗಿಲ್ಲ ಅಂತಾರೆ” ಎಂದರು. ಆ ವಿಭಾಗದಲ್ಲಿ ಶಮೀಮಾ ಕೈ ಹಿಡಿದು ಕಲಿಸಿದ ಆರು ಜನ ಹುಡುಗಿಯರಿದ್ದರು. ಅವರಿಗೆ ಆಗಲೇ ವಿಷಯ ಗೊತ್ತಾಗಿತ್ತು. ಸಂಜೆ ಬಸ್ಸಿನಲ್ಲಿ ಆಪಾ ಕಿಟಕಿಯಾಚೆ ನೋಡುತ್ತ, ಮಗಳಿಗೆ ಹಾಸ್ಟೆಲ್ ಬಿಡಿಸಬೇಕಾಗುತ್ತದೋ ಏನೋ ಎಂದರು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಇದನ್ನು ಬಿಡಿಸದೆ ಈ ಊರು ಬಿಟ್ಟು ಹೋಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದದ್ದು ಆವತ್ತು.

ಕೊಕ್ಕನೂರಿನ ಹತ್ತಿರ ಒಂದು ಮಿಲ್ಲಿತ್ತು. ಎಲ್ಲರಿಗಿಂತ ಹೆಚ್ಚು ಕೂಗಾಡುತ್ತಿದ್ದವರು ಅವರೇ. ಆಸಿಲೋಸ್ಕೋಪನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಾರ್ಖಾನೆಯ ಜೀಪಿನಲ್ಲಿ ಹೋದೆ. ಬೆಳಗಿನ ಹೊತ್ತು. ಅಂಗಳದ ತುಂಬ ಭತ್ತದ ಲೋಡು, ಒಳಗೆ ಕಿವಿಗಡಚಿಕ್ಕುವ ಸದ್ದು, ಗಾಳಿಯಲ್ಲಿ ತೌಡು. ಮಿಷಿನ್ನು ಪೂರ್ತಿ ಓಡುತ್ತಿತ್ತು. ಒಂದು ಸಾಲಿನಲ್ಲಿ ಮಾತ್ರ, ಅಕ್ಕಿ ಬಿಡುವ ತಗಡು ಸಿಕ್ಕಿಹಾಕಿಕೊಂಡು ಅಲ್ಲಿ ಒಂದು ಕಾಳೂ ಬೀಳುತ್ತಿರಲಿಲ್ಲ. ಆ ಸಾಲನ್ನು ಬಿಟ್ಟು ಉಳಿದದ್ದು ನೋಡಿ ಎಂದರು ಮಿಲ್ಲಿನವರು. ನಾನು ಹಾಗೇ ಮಾಡುವವಳಿದ್ದೆ. ಅಷ್ಟರಲ್ಲಿ ಬೆರಳಿಗೆ ತಣ್ಣಗೆ ಏನೋ ತಾಗಿತು. ಆ ಖಾಲಿ ಸಾಲಿನ ನಳಿಕೆ ಗಾಳಿ ಊದುತ್ತಿತ್ತು. ಸುಮ್ಮನೆ. ಏನೂ ಬೀಳದ ಕಡೆ, ಯಾರನ್ನೋ ಓಡಿಸುವ ಹಾಗೆ ಫಟ್, ಫಟ್ ಎಂದು.

ಆ ಸಾಲಿನ ತಂತಿಗೆ ಸ್ಕೋಪು ಹಚ್ಚಿದೆ. ಏನೂ ಇರಬಾರದ ಗೆರೆಯ ಮೇಲೆ ಸಣ್ಣ ಸಣ್ಣ ಮೊನೆಗಳು ಏಳುತ್ತಿದ್ದವು. ಪಕ್ಕದ ಸಾಲನ್ನು ನಿಲ್ಲಿಸಲು ಹೇಳಿದೆ. ಮೊನೆಗಳು ಕುಗ್ಗಿದವು. ಆ ಕಡೆಯ ಸಾಲನ್ನೂ ನಿಲ್ಲಿಸಿದಾಗ ಇನ್ನೂ ಕುಗ್ಗಿದವು. ಎಲ್ಲ ನಿಂತಾಗ ಗೆರೆ ಸತ್ತ ಹಾಗೆ ಮಲಗಿತು. ಮತ್ತೆ ಎಲ್ಲ ಓಡಿಸಿದರು. ಮತ್ತೆ ಬೆಚ್ಚಿತು.

ನಮ್ಮ ಕಸುಬಿನಲ್ಲಿ ಇದಕ್ಕೆ ಕ್ರಾಸ್‌ಟಾಕ್ ಎನ್ನುತ್ತೇವೆ. ಎರಡು ತಂತಿ ಪಕ್ಕಪಕ್ಕ ಮಲಗಿರುತ್ತವೆ. ಒಂದಕ್ಕೊಂದು ತಾಗಿಲ್ಲ, ನಡುವೆ ಪ್ಲಾಸ್ಟಿಕ್ ಹೊದಿಕೆ ಇದೆ. ಆದರೂ ಒಂದರಲ್ಲಿ ಸಂಕೇತ ಏಳುವಾಗ, ಬೀಳುವಾಗ ಅದರ ಸುತ್ತಲಿನ ವಿದ್ಯುತ್ತಿನ, ಅಯಸ್ಕಾಂತದ ಸೆಳೆತ ಕದಲುತ್ತದೆ, ಪಕ್ಕದ್ದು ಅದಕ್ಕೆ ಬೆಚ್ಚುತ್ತದೆ. ಎದ್ದು ಸುಮ್ಮನೆ ನಿಂತ ಸಂಕೇತದಿಂದ ಏನೂ ಆಗುವುದಿಲ್ಲ, ತೊಂದರೆ ಇರುವುದು ಏಳುವ ಬೀಳುವ ಆ ಗಳಿಗೆಯಲ್ಲಿ. ಎಷ್ಟು ಹತ್ತಿರ, ಎಷ್ಟು ಉದ್ದ ಜೊತೆಗೆ ಓಡುತ್ತವೋ ಅಷ್ಟು ಹೆಚ್ಚು. ಎಷ್ಟು ಚುರುಕಾಗಿ ಸಂಕೇತ ಏಳುತ್ತದೋ ಅಷ್ಟು ಜೋರು. ಮೊನೆ ಒಂದು ಮಟ್ಟ ದಾಟಿದರೆ ಬೋರ್ಡು ಅದನ್ನು ಕರಿಕಾಳು ಎಂದು ನಂಬಿ ಗಾಳಿ ಊದಿಸುತ್ತದೆ. ಒಂದೊಂದೇ ಸಾಲು ಓಡಿಸುವ ಕಾರ್ಖಾನೆಯಲ್ಲಿ ಇದು ಕಾಣುವುದಾದರೂ ಹೇಗೆ? ಅಲ್ಲಿ ಪ್ರತಿ ತಂತಿಯೂ ತನ್ನ ಪಾಡಿಗೆ ಒಂಟಿಯಾಗಿತ್ತು. ಒಂಟಿಯಾಗಿದ್ದಾಗ ಎಲ್ಲ ಸರಿ ಇರುತ್ತದೆ. ಆ ಮಾತು ನನಗೇ ಹೇಳಿಕೊಂಡ ಹಾಗಾಯಿತು.

ಹಳೆಯ ಮಿಷಿನ್ನುಗಳಲ್ಲಿ ಇದು ಯಾಕಿರಲಿಲ್ಲ? ಮಧ್ಯಾಹ್ನ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದಾಗ ಅದೂ ತಿಳಿಯಿತು. ಕ್ಯಾಮೆರಾ ಬೋರ್ಡಿನಲ್ಲಿ ಸಂಕೇತವನ್ನು ತಂತಿಗೆ ತಳ್ಳುವ ಚಿಪ್ಪು ಬದಲಾಗಿತ್ತು. ಹಳೆಯದು ಮಾರುಕಟ್ಟೆಯಲ್ಲಿ ಸಿಗದೆ ಅದೇ ಕೆಲಸದ ಹೊಸದನ್ನು ನಮ್ಮ ಕಂಪನಿಯ ಖರೀದಿ ವಿಭಾಗ ತಂದು ಹಾಕಿತ್ತು, ವಿನ್ಯಾಸದವರಿಗೆ ಹೇಳಿರಲಿಲ್ಲ. ಕೆಲಸ ಅದೇ. ಆದರೆ ಇದರ ಸಂಕೇತ ಏಳುವುದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ. ಹಳೆಯದು ನಿಧಾನಸ್ಥ. ಹೊಸದು ಮೈಮೇಲೆ ಬಂದಂತೆ ಎದ್ದು ನಿಲ್ಲುತ್ತದೆ. ಅದರ ಜೊತೆಗೆ, ದೂರು ಬಂದಂತೆಲ್ಲ ಇನ್ನಷ್ಟು ಬಿಗಿದು ಕಟ್ಟಿದ ಆ ಚೆಂದದ ಕಟ್ಟು.

ತಪ್ಪು ಸಿಕ್ಕ ಖುಷಿ ಒಂದು ಗಳಿಗೆಯೂ ಉಳಿಯಲಿಲ್ಲ. ಹೋಗಿ ಯಾರ ಮುಂದೆ ಏನೆಂದು ಹೇಳಲಿ?

ಮಾರನೆಯ ದಿನ ಊಟದ ಹೊತ್ತಿನಲ್ಲಿ ತಂತಿ ವಿಭಾಗದಲ್ಲೇ ಸ್ಕೋಪು ಇಟ್ಟು ಶಮೀಮಾ ಅವರಿಗೆ ತೋರಿಸಿದೆ. ಎಲ್ಲ ತಂತಿಗಳಿಗೂ ಒಟ್ಟಿಗೆ ಸಂಕೇತ ಕೊಟ್ಟು, ಸುಮ್ಮನಿರಬೇಕಾದ ಒಂದು ತಂತಿ ಬೆಚ್ಚುವುದನ್ನು ಕಾಣಿಸಿದೆ. ಆಮೇಲೆ ಕತ್ತರಿ ತೆಗೆದುಕೊಂಡು ಅವರ ಕಟ್ಟಿನ ದಾರಗಳನ್ನು ಒಂದೊಂದಾಗಿ ಕತ್ತರಿಸಿ ತಂತಿಗಳನ್ನು ಬೆರಳಿನಿಂದ ಬಿಡಿಸಿದೆ. ಪರದೆಯ ಮೇಲಿನ ಮೊನೆ ಇಳಿಯುತ್ತ ಬಂತು. ಪೂರ್ತಿ ಹೋಗಲಿಲ್ಲ, ಆದರೆ ಇಳಿಯಿತು. ಹುಡುಗಿಯರು ಬುತ್ತಿ ಬಿಚ್ಚಿದವರು ಹಾಗೇ ಕೂತಿದ್ದರು. ಆಪಾ ಕತ್ತರಿಸಿದ ದಾರದ ತುಣುಕುಗಳನ್ನು ಮೇಜಿನಿಂದ ಅಂಗೈಗೆ ಬಳಿದುಕೊಂಡರು.

“ಅಂದ್ರೆ ಇಷ್ಟು ದಿನ ನನ್ನ ಕೈಯಿಂದನೇ ಆಗಿದ್ದೇನ್ರಿ ಇದು?”

ಇಲ್ಲ ಎಂದು ಹೇಳಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಪರದೆ ಅವರ ಕಣ್ಣೆದುರಿಗೇ ಇತ್ತು, ಅವರೇನು ಕುರುಡರಲ್ಲ. “ಅರ್ಧ ಇದರಿಂದ ಆಪಾ. ಇನ್ನರ್ಧ ನಮ್ಮ ಕಂಪನಿ ಚಿಪ್ಪಿಂದ. ಹಳೇ ಚಿಪ್ಪಿದ್ದಿದ್ರೆ ನಿಮ್ಮ ಕಟ್ಟು ಇನ್ನೂ ಹತ್ತು ವರ್ಷ ನಡೀತಿತ್ತು. ನಿಮ್ಮ ತಪ್ಪಲ್ಲ ಕಣ್ರೀ” ಎಂದೆ. ನನ್ನ ‘ಕಣ್ರೀ’ಗೆ ಆವತ್ತು ಯಾರೂ ನಗಲಿಲ್ಲ. ಅವರು ದಾರದ ತುಣುಕುಗಳನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆಯಲು ಹೊರಗೆ ಹೋದರು. ಊಟ ಮಾಡಲಿಲ್ಲ.

ಮರುದಿನ ಬಸ್ಸಿನಲ್ಲಿ ಅವರು ಹುಡುಗಿಯರ ನಡುವೆ ಕೂತಿದ್ದರು. ನಾನು ಕಂಬ ಹಿಡಿದು ನಿಂತೆ. ಅದರ ಮರುದಿನವೂ ಹಾಗೇ. ಸಿಟ್ಟಿನಿಂದಲ್ಲ ಎಂದು ಈಗ ಗೊತ್ತು. ತಾವು ಜೀವ ತೇದು ಬಿಗಿದ ಒಂದೊಂದು ಗಂಟೂ ತೊಂದರೆಯನ್ನು ಹೆಚ್ಚು ಮಾಡಿತ್ತು ಎಂಬುದನ್ನು ನುಂಗಿಕೊಳ್ಳಲು ಯಾರಿಗಾದರೂ ನಾಲ್ಕು ದಿನ ಬೇಕು. ಆದರೆ ಆಗ ಬಾಲ್ಕನಿಯಲ್ಲಿ ಮಂಡಕ್ಕಿ ತಟ್ಟೆ ಹಿಡಿದು ಕೂತಾಗ ನನಗೆ ಅಳು ಬಂತು. ಅಮ್ಮ ಹೋದಾಗ ಬಂದವರ ಮುಂದೆಲ್ಲ ಗಟ್ಟಿಯಾಗಿದ್ದವಳು ಒಂದು ಬಸ್ಸಿನ ಸೀಟಿಗೆ ಅತ್ತೆ. ನಗುವ ವಿಷಯವೇ. ಆಗ ನಗು ಬರಲಿಲ್ಲ.

ಇತ್ತ ಮೈಸೂರಿಗೆ ವರದಿ ಕಳಿಸಿದ ಮೇಲೆ ಮ್ಯಾನೇಜರ್ ಫೋನು ಮಾಡಿದರು. ದನಿಯಲ್ಲಿ ಬೆಣ್ಣೆ. ಚಿಪ್ಪಿನ ವಿಷಯ ಯಾಕೆ ಬರೆದಿದ್ದೀರಿ, ಅದು ನಮ್ಮ ಮನೆಯೊಳಗಿನ ಮಾತು. ತಂತಿ ಕಟ್ಟು ಬಿಗಿಯಾಗಿದೆ ಎಂದು ಬರೆಯಿರಿ ಸಾಕು, ಅದೇನು ಸುಳ್ಳಲ್ಲವಲ್ಲ. ಸಾವ್ಕಾರ್ರು ಹೊರಗಿನಿಂದ ತಂತಿ ತರಿಸಿಕೊಳ್ಳುತ್ತಾರೆ, ನಾವು ಸದ್ದಿಲ್ಲದೆ ಬೋರ್ಡು ತಿದ್ದಿಕೊಳ್ಳುತ್ತೇವೆ, ನೀವು ನಾಳೆಯೇ ಹೊರಟು ಬನ್ನಿ ಎಂದರು. ಸುಳ್ಳಲ್ಲ ಎಂಬುದೇ ನನಗೆ ಬೆಂಕಿ ಹತ್ತಿಸಿದ್ದು. ಅರ್ಧ ನಿಜ ಸಾಕಾಗಿತ್ತು, ಶಮೀಮಾ ಕೆಲಸ ಕಳೆದುಕೊಂಡು ಮನೆ ಸೇರುತ್ತಿದ್ದರು. ನಾನು ಮೂಲತಃ ಜಗಳಗಂಟಿಯಲ್ಲ, ಆಫೀಸಿನಲ್ಲಿ ದನಿ ಎತ್ತಿದವಳೂ ಅಲ್ಲ. ಆದರೆ ಆವತ್ತು ಫೋನಿನಲ್ಲಿ ಏನೇನು ಅಂದೆನೋ ಎಲ್ಲ ನೆನಪಿಲ್ಲ. ಕೊನೆಗೆ, ಬರೆದದ್ದನ್ನು ತಿದ್ದುವುದಿಲ್ಲ, ಬೇಕಾದರೆ ನನ್ನನ್ನೇ ತೆಗೆದುಹಾಕಿ ಎಂದದ್ದು ಮಾತ್ರ ನೆನಪಿದೆ. ಕೆಳಗಿನ ಮನೆಯವರು ಟಿವಿ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರು.

ಸಾವ್ಕಾರ್ರ ಮುಂದೆ ಹೇಳುವಾಗ ಶಮೀಮಾ ಅವರನ್ನೂ ಕರೆಸಲು ಕೇಳಿದೆ. ಅವರು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತರು. ಮೊದಲು ಚಿಪ್ಪಿನ ಕತೆ ಹೇಳಿದೆ, ಆಮೇಲೆ ಕಟ್ಟಿನದು, ಕೊನೆಗೆ ಒಂದೊಂದೇ ಸಾಲು ಓಡಿಸುವ ಪದ್ಧತಿಯದು. ಮೂರನೆಯದನ್ನು ಹೇಳುವಾಗ ಸಾವ್ಕಾರ್ರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಬಹಳ ಹೊತ್ತು ಮೇಜಿನ ಗಾಜು ಒರೆಸಿದರು.

“ಹಂಗಾರೆ ನಮ್ಮಪ್ಪನ ಮಾತೂ ಇದ್ರಾಗೆ ಸೇರೈತೆ ಅಂತೀಯ” ಎಂದರು.

ಆಮೇಲೆ ಅವರು ಶಮೀಮಾ ಕಡೆ ತಿರುಗಿ, “ಹೊಸಾದು ಹೆಂಗೆ ಕಟ್ಟಬೇಕು ಅಂತ ಈ ಮೇಡಂ ಹತ್ರ ಕಲಿ. ಮುಚ್ಚೋದು ಆಮ್ಯಾಲೆ ನೋಡಾನ” ಎಂದರು.

ಪರಿಹಾರ ಎರಡು. ಚಿಪ್ಪಿನ ಬಾಯಲ್ಲೇ ಒಂದೊಂದು ಸಣ್ಣ ರೆಸಿಸ್ಟರ್ ಇಟ್ಟು ಅದರ ಅವಸರ ತಗ್ಗಿಸುವುದು ಬೋರ್ಡಿನ ಕಡೆಯದು. ತಂತಿಯ ಕಡೆಯದು ಕಷ್ಟದ್ದು. ಹೋದ ಸಂಕೇತಕ್ಕೆ ಹಿಂದಿರುಗುವ ದಾರಿಯೂ ಬೇಕು. ಇಲ್ಲಿ ಎಲ್ಲ ಸಂಕೇತಗಳೂ ದೂರದ ಒಂದೇ ತಂತಿಯಲ್ಲಿ ವಾಪಸು ಬರುತ್ತಿದ್ದವು, ಹಾಗಾಗಿ ಒಂದರ ಹಾದಿಯಲ್ಲಿ ಇನ್ನೊಂದು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಂಕೇತದ ತಂತಿಗೂ ಅದರದೇ ವಾಪಸು ತಂತಿ ಕೊಟ್ಟು, ಎರಡನ್ನೂ ಹೊಸೆದು, ಜೋಡಿ ಜೋಡಿಗಳ ನಡುವೆ ಜಾಗ ಬಿಟ್ಟು ಸಡಿಲವಾಗಿ ಕಟ್ಟಬೇಕು. ಇದನ್ನು ಒಂದು ಹಾಳೆಯ ಮೇಲೆ ಬರೆದು ತಂತಿ ವಿಭಾಗದ ಮೇಜಿನ ಮೇಲಿಟ್ಟು ಬಂದೆ. ನನಗೂ ಸ್ವಲ್ಪ ಬಿಂಕ ಇತ್ತು ಅನ್ನಿ.

ಮಾರನೆಯ ದಿನ ಬಸ್ಸು ಹತ್ತಿದಾಗ ಆಪಾ ಪಕ್ಕದ ಸೀಟಿನ ಮೇಲೆ ಬುತ್ತಿಚೀಲ ಇತ್ತು. ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಪರ್ಸಿನಿಂದ ಗೇಣುದ್ದದ ಒಂದು ಜೋಡಿ ತಂತಿ ತೆಗೆದು ನನ್ನ ಮುಂದೆ ಹಿಡಿದರು. ಹೊಸೆದದ್ದು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮೊದಲ ಪ್ರಯತ್ನ ಪಾಪ. “ಹಿಂಗೇನ್ರಿ?” ಎಂದರು. ಹೀಗೇ ಎಂದೆ. ಹರಿಹರ ಬರುವ ತನಕ ಇಬ್ಬರೂ ಆ ತುಂಡು ತಂತಿಯನ್ನು ಹೊಸೆಯುತ್ತ ಬಿಚ್ಚುತ್ತ ಕೂತಿದ್ದೆವು.

ಆಮೇಲಿನ ದಿನಗಳು ಓಡಿದವು. ಹುಡುಗಿಯರು ಬತ್ತಿ ಹೊಸೆದ ಹಾಗೆ ತೊಡೆಯ ಮೇಲೆ ಹೊಸೆದು ನೋಡಿದರು, ಸರಿ ಬರಲಿಲ್ಲ. ಕೈಯಿಂದ ತಿರುಗಿಸುವ ಡ್ರಿಲ್ಲಿಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿ ಕಿಟಕಿ ಸರಳಿಗೆ ಕಟ್ಟಿ ತಿರುಗಿಸಿದಾಗ ಒಂದೇ ಸಮ ಬಂತು. ಹೊಸ ಕಟ್ಟು ನೋಡಲು ದಪ್ಪ, ಉಬ್ಬಿಕೊಂಡು ಕೂದಲು ಕೆದರಿದ ಹಾಗೆ. ಇದನ್ನು ಸಾವ್ಕಾರ್ರು ಯಾರಿಗೆ ತೋರಿಸುತ್ತಾರೆ ಎಂದು ಆಪಾಗೆ ನಾಚಿಕೆ. ನೋಡುವವರು ಮುಂದಿನಿಂದ ಬೀಳುವ ಅಕ್ಕಿ ನೋಡಲಿ ಬಿಡಿ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಊಟದ ಹೊತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಒಬ್ಬರ ಮೇಲೊಬ್ಬರ ತಮಾಷೆ. ಆ ಮೂರು ವಾರ ನನಗೆ ಭಾನುವಾರ ಬಂದದ್ದೇ ಗೊತ್ತಾಗಲಿಲ್ಲ, ಭಾನುವಾರವೂ ಆನೆಕೊಂಡದಲ್ಲಿ ಅವರ ಮನೆಯಲ್ಲೇ ಇರುತ್ತಿದ್ದೆ. ಅವರ ಗಂಡ ಮಾತು ಕಡಿಮೆ, ಆದರೆ ನಾನು ಹೋದರೆ ತಾವೇ ಎದ್ದು ಚಹಾ ಮಾಡುತ್ತಿದ್ದರು.

ಕಾರ್ಖಾನೆಯಲ್ಲಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ಓಡಿಸುವ ದಿನ ಸಾವ್ಕಾರ್ರು ತಾವೇ ನಿಂತು ನೆಲದ ಉದ್ದಗಲಕ್ಕೂ ತಾಡಪಾಲು ಹಾಸಿಸಿದರು. ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟು ಬಂದು ಗೋಡೆಗೆ ಅಂಟಿ ನಿಲ್ಲಬೇಕೆಂದು ಅಪ್ಪಣೆಯಾಯಿತು. ಮೂಟೆಗಟ್ಟಲೆ ಅಕ್ಕಿ ಸುರಿದರು. ಸಿಡಿದ ಕಾಳುಗಳು ಬರಿಗಾಲಿಗೆ ಬಂದು ತಾಗುತ್ತಿದ್ದವು, ಯಾರೂ ಕಾಲು ಕದಲಿಸಲಿಲ್ಲ. ಅಕ್ಕಿ ಬಿಡದ ಒಂದು ಸಾಲಿನ ನಳಿಕೆಯ ಮುಂದೆ ನಾನು ಅಂಗೈ ಹಿಡಿದು ನಿಂತಿದ್ದೆ. ಗಾಳಿ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಲೇ ಇದ್ದೆ. ಬರಲಿಲ್ಲ. ತಂತಿಯೂ ಸುಮ್ಮನಿತ್ತು, ನಳಿಕೆಯೂ ಸುಮ್ಮನಿತ್ತು. ಕೊನೆಗೆ ಸಾವ್ಕಾರ್ರು ತಾಡಪಾಲಿನ ಮೇಲೆ ಮೊಣಕಾಲೂರಿ ಅಕ್ಕಿಯನ್ನು ತಾವೇ ಕೈಯಿಂದ ಬಳಿಯತೊಡಗಿದರು. ವಿಭಾಗ ಮುಚ್ಚುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಕೊಕ್ಕನೂರಿ‌ನ ಮಿಲ್ಲಿಗೆ ಮಿಷಿನ್ನು ವಾಪಸು ಕೂರಿಸುವ ದಿನ ಶಮೀಮಾ ಅವರನ್ನೂ ಕರೆದುಕೊಂಡು ಹೋದೆವು. ಇಷ್ಟು ವರ್ಷ ಮಿಷಿನ್ನು ಕಟ್ಟಿದ್ದರೂ ಅದು ಮಿಲ್ಲಿನಲ್ಲಿ ಓಡುವುದನ್ನು ಅವರು ನೋಡಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಎಡೆಬಿಡದೆ ಓಡಿತು. ಮಿಲ್ಲಿನವರು ಕಸದ ತೊಟ್ಟಿಗೆ ಕೈ ಹಾಕಿ ಹಾಕಿ ನೋಡಿದರು. ಕರಿಕಾಳು, ಕಲ್ಲು, ಅಷ್ಟೇ. ಎಲ್ಲರ ಮುಖವೂ ಅರಳಿತು. ಸಾವ್ಕಾರ್ರು ನನಗೆ ಕೈ ಮುಗಿದರು, ಯಾರೋ ಮೈಸೂರಿಗೆ ಫೋನು ಹಚ್ಚಿ ಕೊಟ್ಟರು, ಆ ಕಡೆಯಿಂದ ಮ್ಯಾನೇಜರ್ ಏನೂ ಆಗೇ ಇಲ್ಲವೆನ್ನುವ ಹಾಗೆ ಶಭಾಷ್ ಎಂದು, ಸೋಮವಾರಕ್ಕೆ ಬಂದುಬಿಡಿ ಎಂದರು. ನಾನೂ ಹಲ್ಲು ಕಿರಿದು ಹೂಂ ಎಂದೆ. ಎಲ್ಲರೂ ಊಟಕ್ಕೆಂದು ಹೊರಟರು.

ಶಮೀಮಾ ಹೊರಡಲಿಲ್ಲ. ತೊಟ್ಟಿಯ ಹತ್ತಿರ ನಿಂತು ಕರಿಕಾಳುಗಳನ್ನು ಬೆರಳ ಸಂದಿಯಿಂದ ಸುರಿಸುತ್ತಿದ್ದರು. ನಾನು ಹತ್ತಿರ ಹೋದೆ. ಮಿಲ್ಲಿನ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: “ಇನ್ನು ನೀವು ಹೋಗ್ತೀರಿ.”

ಹೌದು ಎಂದೆ.

“ಇನ್ನೊಂದು ಸಲ ಕೆಡ್ಲಿ ಅಂತ ಬೇಡ್ಕಳಾಕೂ ಆಗಂಗಿಲ್ಲ ನೋಡ್ರಿ. ನಮ್ಮ ಹುಡುಗೀರ ಅನ್ನ ಐತೆ ಅದ್ರಾಗೆ.”

ಅಲ್ಲಿದ್ದ ಅಷ್ಟು ಜನರಲ್ಲಿ ಅದು ಹೊಳೆದದ್ದು ಅವರೊಬ್ಬರಿಗೆ. ನಾನು ಅವರ ತೋಳು ಹಿಡಿದುಕೊಂಡೆ. ಇಬ್ಬರ ಮೈ ಮೇಲೂ ತೌಡಿನ ದೂಳು ಕೂತಿತ್ತು, ಕಣ್ಣೊರೆಸಿಕೊಂಡರೆ ಇನ್ನೂ ಉರಿಯುತ್ತಿತ್ತು.

ಮೈಸೂರಿಗೆ ಬಂದು ಮನೆಯ ಬೀಗ ತೆಗೆದೆ. ಮೊದಮೊದಲು ಆಪಾ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು, ಆಮೇಲೆ ಹಬ್ಬಕ್ಕೊಮ್ಮೆ. ಮಗಳಿಗೆ ಕೆಲಸ ಸಿಕ್ಕಿತು, ವಿಭಾಗಕ್ಕೆ ಇನ್ನೂ ನಾಲ್ಕು ಜನ ಸೇರಿದರು. ಎಲ್ಲರಿಗೂ ಒಳ್ಳೆಯದಾಯಿತು, ನನಗೆ ಅದರಲ್ಲಿ ಸುಳ್ಳು ಸಂತೋಷವಿಲ್ಲ. ಆದರೂ ಆಫೀಸಿನಲ್ಲಿ ಹರಿಹರದಿಂದ ಫೋನು ಎಂದು ಯಾರಾದರೂ ಹೇಳಿದರೆ, ಈಗಲೂ, ಕುರ್ಚಿಯಿಂದ ಅರ್ಧ ಏಳುತ್ತೇನೆ. ಪ್ರತಿ ಸಲವೂ ಅದು ಹೊಸ ಬೋರ್ಡಿನ ಆರ್ಡರು, ಇಲ್ಲವೇ ಯುಗಾದಿಯ ಶುಭಾಶಯ.

ಆ ಮಿಷಿನ್ನು ಇವತ್ತಿನವರೆಗೆ ಒಂದು ಸಲವೂ ಕೆಟ್ಟಿಲ್ಲ.